ನೂರರ ಕೈ

ಏಳನೆಯ ಪ್ರಶ್ನೆಗೆ ಬಂದಾಗಲೆಲ್ಲ ಇಶ್ರತ್‌ಗೆ ಬಾಯಾರಿಕೆಯಾಗುತ್ತಿತ್ತು. ಬೆಳಗಿನಿಂದ ನಾಲ್ಕು ಸಲ ಎದ್ದು ನೀರು ಕುಡಿದು ಬಂದು ಮತ್ತೆ ಮಂಚದ ಮೇಲೆ ಕಾಲು ಮಡಿಚಿ ಕೂತಿದ್ದಳು. ಹಾಳೆಯಲ್ಲಿ ಒಟ್ಟು ಇಪ್ಪತ್ತೆರಡು ಪ್ರಶ್ನೆ. ಡಿಪ್ಲೊಮಾದಲ್ಲಿ ಜೊತೆಗೆ ಓದಿದವರು ತಾವು ಹೋಗಿಬಂದ ಸಂದರ್ಶನಗಳಿಂದ ಹೆಕ್ಕಿ ಕಳಿಸಿದವು. ಒಂದು ಅಂಗಿಗೆ ಎಷ್ಟು ನಿಮಿಷದ ಕೆಲಸ ಎಂದು ಹೇಗೆ ಲೆಕ್ಕ ಹಾಕುತ್ತೀರಿ, ಒಂದು ಮಿಷನ್ನಿನ ಮುಂದೆ ರಾಶಿ ಬಿದ್ದು ಪಕ್ಕದ್ದು ಖಾಲಿ ಕೂತಿದ್ದರೆ ಏನು ಮಾಡುತ್ತೀರಿ, ಇಂಥವಕ್ಕೆಲ್ಲ ಅವಳು ನಿದ್ದೆಯಲ್ಲೂ ಉತ್ತರ ಹೇಳಬಲ್ಲಳು. ಆರನೆಯದು, ನಿಮ್ಮ ಅತಿ ದೊಡ್ಡ ಸಾಧನೆ ಯಾವುದು? ಅದರ ಉತ್ತರ ಬಯೋಡೇಟಾದ ಎರಡನೆಯ ಸಾಲಿನಲ್ಲೇ ದಪ್ಪ ಅಕ್ಷರದಲ್ಲಿತ್ತು: ಶರ್ಟಿಗೆ ಕಾಲರ್ ಕೂಡಿಸುವ ಕೆಲಸದಲ್ಲಿ ಗಂಟೆಗೆ ಅರವತ್ತೆರಡು ಇದ್ದ ಗುರಿಯನ್ನು ಎಂಬತ್ತೇಳಕ್ಕೆ ಏರಿಸಿದ್ದು. ಏಳನೆಯದು, ಕೆಲಸದಲ್ಲಿ ನೀವು ಮಾಡಿದ ಒಂದು ತಪ್ಪು ಹೇಳಿ. ಇದಕ್ಕೆ, ನಾನು ಹೊತ್ತು ಗೊತ್ತು ನೋಡದೆ ದುಡಿಯುತ್ತೇನೆ ಅದೇ ನನ್ನ ತಪ್ಪು ಎಂದು ಹೇಳಿಬಿಡು, ಎಲ್ಲರೂ ಹಾಗೇ ಹೇಳುವುದು ಎಂದು ಗೆಳತಿಯೊಬ್ಬಳು ಬರೆದಿದ್ದಳು. ಹೇಳಬಹುದಿತ್ತು. ಆದರೆ ತಪ್ಪು ಎಂಬ ಪದವನ್ನು ಓದಿದ ಕೂಡಲೇ ಇಶ್ರತ್‌ಳ ಕಣ್ಣು ತಾನಾಗಿಯೇ ಎದ್ದು ಕೋಣೆಯ ಆ ತುದಿಗೆ, ಮಿಷನ್ ತುಳಿಯುತ್ತ ಕೂತಿದ್ದ ತಾಯಿಯ ಬೆನ್ನಿನ ಕಡೆಗೆ ಹೋಗುತ್ತಿತ್ತು.

ಶುಕ್ರವಾರ. ಕೋನಾಬಾಡಿಯ ಬಟ್ಟೆ ಹೊಲಿಯುವ ಕಾರ್ಖಾನೆಗಳೆಲ್ಲ ವಾರದ ರಜೆಗೆ ಬಾಗಿಲು ಹಾಕಿಕೊಂಡು, ಸಾಲುಮನೆಗಳ ತಗಡಿನ ಮಾಡುಗಳ ಕೆಳಗೆ ವಾರದ ಬಟ್ಟೆ, ವಾರದ ಜಗಳ, ವಾರದ ಮಾಂಸ ಎಲ್ಲ ಒಟ್ಟಿಗೇ ನಡೆಯುವ ದಿನ. ಮೊರ್ಜಿನಾ ಮಗಳಿಗೆ ನಾಳೆ ಹಾಕಿಕೊಳ್ಳಲು ಕಮೀಜು ಹೊಲಿಯುತ್ತಿದ್ದಳು. ಬೂದು ಬಣ್ಣದ ಬಟ್ಟೆ, ಕತ್ತಿಗೆ ಸಣ್ಣ ಪಟ್ಟಿ. ಆರು ದಿನ ಕಾರ್ಖಾನೆಯಲ್ಲಿ ಹೊಲಿದವಳು ಏಳನೆಯ ದಿನವೂ ಹೊಲಿಯುತ್ತಾಳಲ್ಲ ಎಂದು ಇಶ್ರತ್‌ಗೆ ಎಂದೂ ಅನಿಸಿದ್ದಿಲ್ಲ; ತಾಯಿ ಎಂದರೆ ಆ ಬಾಗಿದ ಬೆನ್ನು, ಸೂಜಿಯ ಕೆಳಗೆ ಬಟ್ಟೆ ತಳ್ಳುವ ಆ ಎರಡು ಕೈ, ಅದೇ ಒಂದು ಸದ್ದು. ಅವಳು ಹುಟ್ಟಿದಾಗಿನಿಂದ ಕಂಡದ್ದು ಅದನ್ನೇ. ಆ ಸದ್ದಿನಲ್ಲೇ ಮಗ್ಗಿ ಕಲಿತಿದ್ದಳು, ಆ ಸದ್ದಿನಲ್ಲೇ ಜ್ವರ ಬಂದು ಮಲಗಿದ್ದಳು. ಅವತ್ತು, ಎರಡು ವರ್ಷದ ಹಿಂದೆ, ಕಾರ್ಖಾನೆಯ ನಾಲ್ಕನೆಯ ಮಹಡಿಯಲ್ಲಿ, ಒಂದು ಕಾಲರಿಗೆ ಎಷ್ಟು ಸೆಕೆಂಡು ಎಂದು ಅಳೆಯಲು, ಕೊರಳಿಗೆ ಗಡಿಯಾರ ತೂಗುಹಾಕಿಕೊಂಡು ಹಲಗೆಗೆ ಕಾಗದ ಸಿಕ್ಕಿಸಿಕೊಂಡು ನಿಂತಿದ್ದಾಗಲೂ ಎದುರಿಗಿದ್ದದ್ದು ಅದೇ ಬೆನ್ನು. ಕೆಲಸಕ್ಕೆ ಸೇರಿ ಹನ್ನೊಂದು ದಿನವಾಗಿತ್ತು. ಇಂಜಿನಿಯರ್ ಮೇಡಂ ಎಂದು ಬಾಗಿಲ ಕಾವಲುಗಾರ ಮೊದಲ ಸಲ ಸಲಾಮು ಹೊಡೆದಿದ್ದ. ಅವಳ ಹಿಂದೆ ಮ್ಯಾನೇಜರು ಕೈಕಟ್ಟಿ ನಿಂತಿದ್ದರು. ತುಂಬ ಚುರುಕು ಹೆಂಗಸು, ನಿಮಗೆ ಪರಿಚಯವೇ ಎಂದು ಅವರು ಕೇಳಿದಾಗ ಇಶ್ರತ್‌ಳ ಬಾಯಿಂದ ಬಂದದ್ದು, ಹೌದು ಸಾರ್, ಒಂದೇ ಊರಿನವರು. ಮಿಷನ್ನಿನ ಸದ್ದು ಆ ಹೊತ್ತಿಗೇ ಯಾಕೆ ನಿಂತಿತೋ. ಮೊರ್ಜಿನಾ ದಾರ ಕತ್ತರಿಸಿ, ಮುಂದಿನ ಕಾಲರ್ ಎತ್ತಿಕೊಂಡು, ತಲೆಯೆತ್ತದೆ, ಬೆಳಕು ಬಿಡ್ರೀ ಮೇಡಂ, ಎಂದಿದ್ದಳು. ಆ ಸಂಜೆ ಮನೆಯಲ್ಲಿ ಅನ್ನ ಬಡಿಸುವಾಗ ಮಗಳ ಮುಖ ಸಣ್ಣಗಾದದ್ದು ನೋಡಿ ಅವಳೇ ನಕ್ಕು, “ಒಂದೇ ಊರು ತಾನೇ ಕಣೇ, ಸುಳ್ಳೇನು ಹೇಳಿದೆ? ಉಣ್ಣು,” ಎಂದಳು. ಇಶ್ರತ್ ಅವತ್ತು ಉಂಡಳು. ಆ ಒಂದು ಮಾತು ಮಾತ್ರ ಇವತ್ತಿಗೂ ಗಂಟಲಿನಿಂದ ಕೆಳಗಿಳಿದಿಲ್ಲ.

ಈಗ ಆ ಕೆಲಸವೂ ಇಲ್ಲ. ಆರ್ಡರು ಕಡಿಮೆಯಾಗಿ ಅವಳಂಥ ಗಡಿಯಾರದವರನ್ನೆಲ್ಲ ಕೆಲಸದಿಂದ ತೆಗೆದು ಐದು ತಿಂಗಳಾಯಿತು. ತಾಯಿ ಅಲ್ಲೇ ಇದ್ದಾಳೆ, ಎಂಬತ್ತೇಳೂ ಅಲ್ಲೇ ಫಲಕದ ಮೇಲೆ ಇದೆ. ನಾಳೆಯ ಕಾರ್ಖಾನೆ ದೊಡ್ಡದು. ಹಳೆಯ ಮ್ಯಾನೇಜರು, ಅವರು ಬೇಕಾದರೆ ನನಗೆ ಫೋನ್ ಮಾಡಲಿ, ಆ ಎಂಬತ್ತೇಳರ ಕಥೆ ನಾನೇ ಹೇಳುತ್ತೇನೆ ಎಂದಿದ್ದರು. ಇದು ಮೂರನೆಯ ಸಂದರ್ಶನ. ಹಿಂದಿನ ಎರಡರಲ್ಲಿ ಒಂದು ಕಡೆ, ಹೆಣ್ಣುಮಗಳು, ರಾತ್ರಿ ಎಂಟರವರೆಗೆ ಮಹಡಿಯ ಮೇಲೆ ಇರುತ್ತೀರಾ ಎಂದು ಕೇಳಿದ್ದರು. ನಾಲ್ಕು ಸಾವಿರ ಹೆಣ್ಣುಮಕ್ಕಳು ಅದೇ ಮಹಡಿಗಳ ಮೇಲೆ ಇರುತ್ತಾರಲ್ಲ ಎಂದು ಹೇಳಲು ಅವಳಿಗೆ ಬಸ್ಸು ಹತ್ತಿದ ಮೇಲೆ ನೆನಪಾಗಿತ್ತು. ಇನ್ನೊಂದು ಕಡೆ ಏನೂ ಕೇಳದೆ ಕಳಿಸಿದ್ದರು. ಮೊರ್ಜಿನಾ ಎರಡು ಸಲವೂ, ಅವರಿಗೆ ಕಣ್ಣಿಲ್ಲ ಬಿಡು ಎಂದಿದ್ದಳು. ಮೂರನೆಯ ಸಲಕ್ಕೆ ಹೊಸ ಕಮೀಜು ಹೊಲಿಯಲು ಕೂತಿದ್ದಳು.

ತಗಡಿನ ಗೋಡೆಯ ಆಚೆ ಪಕ್ಕದ ಮನೆಯ ಕೋಹಿನೂರ್ ಕೆಮ್ಮಿದಳು. ಆ ಗೋಡೆಯಲ್ಲಿ ಕೆಮ್ಮು, ಗಂಡಹೆಂಡಿರ ಮಾತು, ಸೌಟು ಬಿದ್ದ ಸದ್ದು ಯಾವುದೂ ನಿಲ್ಲುವುದಿಲ್ಲ. ಕೋಹಿನೂರಳ ಸಂಜೆಯ ಪ್ರಾರ್ಥನೆಯೂ ನಿಲ್ಲುವುದಿಲ್ಲ. ಬೇರೆಯವರು ತುಟಿಯೊಳಗೆ ಕೇಳಿಕೊಳ್ಳುವುದನ್ನು ಅವಳು ಎದುರಿಗೆ ಕೂತವರ ಹತ್ತಿರ ಕೇಳುವ ಹಾಗೆ ಜೋರಾಗಿ, ಒಂದರ ಹಿಂದೆ ಒಂದು, ಕ್ರಮ ತಪ್ಪದೆ ಕೇಳುತ್ತಾಳೆ: ಗಂಡನ ಆಟೋ ಕೆಡದಿರಲಿ, ಊರಲ್ಲಿ ಅಜ್ಜಿಯ ಹತ್ತಿರ ಇರುವ ಮಗಳು ಓದಲಿ, ತಾಯಿಯ ಮಂಡಿನೋವು ಇಳಿಯಲಿ, ಕೊನೆಗೆ, ಯಾ ಅಲ್ಲಾ, ನನ್ನ ಕೈ ನನಗೆ ವಾಪಸು ಕೊಡು. ಎರಡು ವರ್ಷದಿಂದ ಪ್ರತಿ ಸಂಜೆ. ಆ ಕೊನೆಯ ಮಾತು ಬರುವ ಹೊತ್ತಿಗೆ ಮೊರ್ಜಿನಾ ಸೊಪ್ಪು ಹೆಚ್ಚುತ್ತಿದ್ದರೆ ಹೆಚ್ಚುವುದನ್ನು ನಿಲ್ಲಿಸುತ್ತಾಳೆ. ಇಶ್ರತ್ ಮೊಬೈಲು ನೋಡುತ್ತಾಳೆ. ಒಂಬತ್ತು ವರ್ಷ ಮೊರ್ಜಿನಾಳ ಪಕ್ಕದ ಮಿಷನ್ನಿನಲ್ಲಿ ಕಾಲರ್ ಕೂಡಿಸಿದವಳು ಕೋಹಿನೂರ್. ಎಂಬತ್ತೇಳು ಬಂದ ಮೇಲೆ ಅರವತ್ತನಾಲ್ಕು, ಅರವತ್ತೈದರ ಮೇಲೆ ಅವಳ ಕೈ ಏಳಲಿಲ್ಲ. ಮೂರು ವಾರ ನೋಡಿ ಮಿಷನ್ನಿನಿಂದ ಎಬ್ಬಿಸಿ, ಕೈಗೆ ಪುಟ್ಟ ಕತ್ತರಿ ಕೊಟ್ಟು, ಹೊಸದಾಗಿ ಬಂದ ಹುಡುಗಿಯರ ಸಾಲಿನಲ್ಲಿ ದಾರ ಕತ್ತರಿಸಲು ನಿಲ್ಲಿಸಿದರು. ಒಂದು ತಿಂಗಳು ಇವರ ಜೊತೆ ಮಾತು ಬಿಟ್ಟಿದ್ದಳು. ಆಮೇಲೆ ಒಂದು ದಿನ ನಲ್ಲಿಯ ಹತ್ತಿರ ತಾನೇ, “ನಿಮ್ಮನ್ನ ಬೈದು ಏನು ಸುಖ ಆಪಾ, ಕೆಟ್ಟಿರೋದು ನನ್ನ ಕೈ,” ಎಂದಳು. ಬಿಸಿ ಸಾಸಿವೆ ಎಣ್ಣೆ ಹಚ್ಚಿ ನೋಡಿದಳು, ನಾಟಿ ಮದ್ದು ಕೊಡುವ ಕವಿರಾಜನ ಹತ್ತಿರ ಹೋಗಿ ಬೇರು ಕಟ್ಟಿಸಿಕೊಂಡು ಬಂದಳು. ಅಲ್ಲಿಂದ ಈಚೆಗೆ ಆರು ಮನೆಗೆ ಸೇರಿದ ಗ್ಯಾಸ್ ಒಲೆಯ ಹತ್ತಿರ ಮೊರ್ಜಿನಾ ಯಾವತ್ತೂ ಕೋಹಿನೂರಳಿಗಿಂತ ಮೊದಲು ಪಾತ್ರೆ ಇಟ್ಟದ್ದಿಲ್ಲ.

ಹನ್ನೆರಡರ ಹೊತ್ತಿಗೆ ಗೆಳತಿಯ ಫೋನು ಬಂತು. ಅಲ್ಲಿನ ದೊಡ್ಡ ಸಾಹೇಬರು ಹಳೇ ಕಾಲದ ಮನುಷ್ಯ, ಪುಸ್ತಕದ ಉತ್ತರ ಕೇಳುವುದಿಲ್ಲವಂತೆ, ಮೇಜಿನ ಮೇಲೆ ಒಂದು ಕಟ್ಟು ಇಸ್ಪೀಟು ಇಟ್ಟು ಯಾರಿಂದಲಾದರೂ ಹಂಚಿಸಿ, ಈ ಕೈ ನೂರಕ್ಕೆ ಎಷ್ಟು, ನೋಡಿ ಹೇಳಿ ಅನ್ನುತ್ತಾರಂತೆ. ಇಶ್ರತ್‌ಗೆ ಪುಸ್ತಕದ ಆ ಸಾಲು ನೆನಪಾಯಿತು. ಐವತ್ತೆರಡು ಎಲೆಗಳನ್ನು ನಾಲ್ಕು ಕಡೆಗೆ ಅರ್ಧ ನಿಮಿಷದಲ್ಲಿ ಹಂಚುವ ಕೈ ಸಾಮಾನ್ಯ ಕೈ, ಅದು ನೂರು. ಅದಕ್ಕಿಂತ ಚುರುಕಾದ ಕೈ ನೂರ ಹತ್ತು, ನೂರ ಇಪ್ಪತ್ತು. ನಿಧಾನವಾದದ್ದು ತೊಂಬತ್ತು, ಎಂಬತ್ತು. ಗಡಿಯಾರ ತೋರಿಸುವ ಸೆಕೆಂಡನ್ನು ಹಾಗೇ ಬರೆದುಕೊಳ್ಳುವ ಹಾಗಿಲ್ಲ, ಕೈಯನ್ನೂ ತೂಗಿ ಬರೆಯಬೇಕು, ಯಾಕೆಂದರೆ ಎಲ್ಲರೂ ಓಡುವವರಲ್ಲ. ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೆದಿದ್ದಳು, ಐದೂ ಬಂದಿತ್ತು. ಎಲೆಗಳನ್ನು ಹಂಚಿ ನೋಡಿದವರು ಅವಳ ತರಗತಿಯಲ್ಲಿ ಒಬ್ಬರೂ ಇರಲಿಲ್ಲ.

“ಅಮ್ಮಾ, ಇಸ್ಪೀಟು ಬೇಕು.”

ಮೊರ್ಜಿನಾಳ ಕಾಲು ನಿಂತಿತು. “ಏನು?”

“ಇಸ್ಪೀಟು. ಇಂಟರ್‌ವ್ಯೂಗೆ.”

“ತೌಬಾ ತೌಬಾ! ಇಂಜಿನಿಯರ್ ಕೆಲಸಕ್ಕೆ ಕರೆದವರೋ, ಜೂಜಾಡೋಕೆ ಕರೆದವರೋ?”

ಗೋಡೆಯಾಚೆಯಿಂದ ನಗು ಕೇಳಿತು. “ನಮ್ಮನೇಲಿದೆ ಬಿಡಿ ಆಪಾ,” ಎಂದು ಕೋಹಿನೂರ್ ಅಲ್ಲಿಂದಲೇ ಕೂಗಿದಳು. “ನಮ್ಮ ಯಜಮಾನ್ರ ಆಸ್ತಿ ಅದೊಂದೇ. ಈಗ ನಮಾಜಿಗೆ ಹೋಗಿದ್ದಾರೆ. ಬರೋದ್ರೊಳಗೆ ಜಾಗದಲ್ಲಿ ಇಟ್ಟುಬಿಡಬೇಕು.”

ದುಪಟ್ಟಾದ ಕೆಳಗೆ ಮುಚ್ಚಿಕೊಂಡು ತಂದಳು, ಸಾಲಿನಲ್ಲಿ ಯಾರಾದರೂ ನೋಡಿಯಾರೆಂದು. ಅಂಚು ಸವೆದ ಎಲೆಗಳು. ಕಳಾವರ್ ರಾಣಿ ಕಳೆದುಹೋಗಿ ಅವಳ ಜಾಗದಲ್ಲಿ ಮಾತ್ರೆ ಡಬ್ಬಿಯ ರಟ್ಟಿನ ತುಂಡೊಂದು ಇತ್ತು, ಅದರ ಮೇಲೆ ಪೆನ್ನಿನಲ್ಲಿ ಬರೆದ ಕಿರೀಟ. ಜುಮ್ಮಾದ ಬೋಧನೆ ಧ್ವನಿವರ್ಧಕದಲ್ಲಿ ನಡೆಯುತ್ತಿರುವಾಗಲೇ ಮೂವರು ಹೆಂಗಸರು ಬಾಗಿಲು ಅರ್ಧ ಮುಂದಕ್ಕೆ ಹಾಕಿಕೊಂಡು ಮಂಚದ ಸುತ್ತ ಕೂತರು. ಮೊರ್ಜಿನಾ ಮೊದಲು ಮುಟ್ಟುವುದೇ ಇಲ್ಲ ಎಂದಳು. ಮುಟ್ಟಿದ ಮೇಲೆ ಎಲೆ ಎಷ್ಟು ನುಣುಪು ಎಂದು ಬೆರಳಲ್ಲಿ ಸವರಿ ನೋಡಿದಳು. ಒಂದು ಸಲ ಹೇಗೆಂದು ತೋರಿಸಿದ ಮೇಲೆ, “ಹಂಚೋದು ತಾನೇ? ಇದರಲ್ಲಿ ಕಲಿಯೋದೇನಿದೆ,” ಎಂದಳು. ಇಶ್ರತ್ ಮೊಬೈಲಿನ ಗಡಿಯಾರ ಒತ್ತಿದಳು. ಎಲೆಗಳು ನಾಲ್ಕು ರಾಶಿಯಾಗಿ ಬಿದ್ದವು. ಸಾಮಾನ್ಯವಾಗಿ ಹಂಚುತ್ತಿದ್ದಾಳೆ ಅಮ್ಮ, ಇದು ನೂರು, ಎಂದು ಮನಸ್ಸಿನಲ್ಲೇ ಬರೆದುಕೊಂಡ ಇಶ್ರತ್ ನಿಲ್ಲಿಸಿ ನೋಡಿದಳು. ಇಪ್ಪತ್ತೆರಡು ಸೆಕೆಂಡು.

“ಮತ್ತೊಂದು ಸಲ ಹಾಕಮ್ಮ. ಸಮಾಧಾನವಾಗಿ. ಅವಸರ ಮಾಡ್ಬೇಡ.”

“ಅವಸರ ಯಾರು ಮಾಡಿದ್ರು?”

ಇಪ್ಪತ್ತೆರಡು.

“ಈಗ ನಾನು,” ಎಂದು ಕೋಹಿನೂರ್ ತೋಳು ಮೇಲೆತ್ತಿದಳು. “ಕೆಟ್ಟ ಕೈ ಅಂತ ನಗಬೇಡಿ ಮತ್ತೆ.” ಅವಳು ಎಲೆಗಳನ್ನು ಕಟ್ಟಿನಿಂದ ಒಂದೊಂದಾಗಿ ತೆಗೆದು, ಒಂದೊಂದನ್ನೂ ಅದರ ಜಾಗದಲ್ಲಿ ಇಟ್ಟಳು. ರಾಶಿಗಳು ಮೊರ್ಜಿನಾಳ ರಾಶಿಗಳಿಗಿಂತ ಓರಣವಾಗಿದ್ದವು. ಹೊರಗೆ ಯಾವುದೋ ಮಗು ಅಳುತ್ತಿತ್ತು. ಇಶ್ರತ್‌ಗೆ ಆ ಕೈಯನ್ನು ನೋಡಲಾಗಲಿಲ್ಲ, ಇಷ್ಟು ನಿಧಾನ, ಎಂಬತ್ತು, ಹೆಚ್ಚೆಂದರೆ ಎಂಬತ್ತೈದು ಎನಿಸಿ, ಕನಿಕರವಾಗಿ ಮುಖ ತಿರುಗಿಸಿದಳು. ಕೊನೆಯ ಎಲೆ, ರಟ್ಟಿನ ರಾಣಿ, ಬಿತ್ತು. ಮೂವತ್ತು ಸೆಕೆಂಡು. ಸರಿಯಾಗಿ ಅರ್ಧ ನಿಮಿಷ.

“ಸೋತೆ ನೋಡಿ,” ಎಂದು ಕೋಹಿನೂರ್ ಎಲೆಗಳನ್ನು ಗುಡ್ಡೆ ಮಾಡಿದಳು. “ನಿಮ್ಮಮ್ಮನ ಮುಂದೆ ನಾನು ಯಾವತ್ತು ಗೆದ್ದಿದ್ದೆ? ಆಪಾ, ಆ ಕಮೀಜು ಮುಗಿದಿದ್ರೆ ಕೊಡಿ, ದಾರ ನಾನು ತೆಗೀತೀನಿ. ಈಗ ಅದರಲ್ಲಿ ನನ್ನಷ್ಟು ಪಳಗಿದವರು ಯಾರೂ ಇಲ್ಲ.” ಕಮೀಜು ತೆಗೆದುಕೊಂಡು ಹೊಸ್ತಿಲ ಮೇಲೆ ಬೆಳಕಿಗೆ ಕೂತಳು.

ಇಶ್ರತ್ ಹಾಳೆಯನ್ನು ಮಗುಚಿ ಹಿಂಬದಿಯಲ್ಲಿ ಬರೆಯತೊಡಗಿದಳು, ಯಾರೋ ಕೈಹಿಡಿದು ಬರೆಸುತ್ತಿರುವ ಹಾಗೆ. ಅವತ್ತು ಅಮ್ಮನ ಒಂದು ಕಾಲರಿಗೆ ಗಡಿಯಾರ ತೋರಿಸಿದ್ದು ಮೂವತ್ತಾರು ಸೆಕೆಂಡು. ಪಕ್ಕದ ಕಲಮಿನಲ್ಲಿ ಅವಳು ಕೈಯ ತೂಕವನ್ನು ನೂರು ಎಂದು ಬರೆದಿದ್ದಳು, ಯೋಚಿಸಿಯೂ ಇರಲಿಲ್ಲ. ಆ ಕೈಯನ್ನು ಬಿಟ್ಟು ಬೇರೆ ಕೈ ಅವಳು ಎಲ್ಲಿ ಕಂಡಿದ್ದಳು? ಅವಳ ಪಾಲಿಗೆ ಮನುಷ್ಯರ ಕೈ ಎಂದರೆ ಅಷ್ಟು ಓಡುವುದು, ತುತ್ತು ಕಲೆಸುವಾಗ, ಜಡೆ ಹಾಕುವಾಗ, ಹೊಲಿಯುವಾಗ. ಬೆವರು ಒರೆಸಲಿಕ್ಕೆ, ನೀರು ಕುಡಿಯಲಿಕ್ಕೆ ಎಂದು ನೂರಕ್ಕೆ ಹದಿನೈದು ಸೇರಿಸಿದರೆ ನಲವತ್ತೊಂದು ಸೆಕೆಂಡು ಚಿಲ್ಲರೆ, ಗಂಟೆಗೆ ಎಂಬತ್ತೇಳು. ಅರ್ಧ ನಿಮಿಷದ ಕೆಲಸವನ್ನು ಇಪ್ಪತ್ತೆರಡು ಸೆಕೆಂಡಿನಲ್ಲಿ ಮುಗಿಸುವ ಕೈ ಅದು; ಈಗ ನೂರನ್ನು ಹೊಡೆದುಹಾಕಿ ನೂರ ಮೂವತ್ತೈದು ಎಂದು ಬರೆದಳು. ಗುಣಿಸಿದಳು. ಹದಿನೈದು ಸೇರಿಸಿದಳು. ಭಾಗಿಸಿದಳು. ಅರವತ್ತನಾಲ್ಕು. ಮತ್ತೆ ಮೊದಲಿನಿಂದ ಮಾಡಿದಳು. ಅರವತ್ತನಾಲ್ಕು ಬಂತು. ಕೋಹಿನೂರ್ ಬೇಗಂ ಒಂಬತ್ತು ವರ್ಷ ಪ್ರತಿ ಗಂಟೆಯೂ ಕೂಡಿಸಿ ಕೊಟ್ಟಿದ್ದು ಅಷ್ಟನ್ನೇ.

ಹಾಳೆಯನ್ನು ಹರಿದು ಹಾಕಬಹುದಿತ್ತು. ಮೊದಲು ಹೊಳೆದದ್ದು ಅದೇ, ಅದಕ್ಕಾಗಿ ಅವಳಿಗೆ ಆಮೇಲೆ ಬಹಳ ದಿನ ನಾಚಿಕೆಯಾಗುತ್ತಿತ್ತು. ನಾಳೆ ಹನ್ನೊಂದಕ್ಕೆ ಸಂದರ್ಶನ. ಆರನೆಯ ಪ್ರಶ್ನೆಗೆ ಇರುವುದೊಂದೇ ಉತ್ತರ. ಅದನ್ನು ತೆಗೆದುಬಿಟ್ಟರೆ ಬಯೋಡೇಟಾದಲ್ಲಿ ಹೆಸರು, ಊರು, ಡಿಪ್ಲೊಮಾ ಬಿಟ್ಟು ಏನು ಉಳಿಯುತ್ತದೆ? ಮ್ಯಾನೇಜರಿಗೆ ಫೋನು ಹೋದರೆ ಅವರು ಎಂಬತ್ತೇಳು ಎನ್ನುತ್ತಾರೆ, ಸಾಹೇಬರು ಭೇಷ್ ಎನ್ನುತ್ತಾರೆ. ಇನ್ನು ಐದು ವರ್ಷ ಹೊಲಿದರೆ ಅಮ್ಮನ ಕಣ್ಣು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಹೊಸ್ತಿಲ ಮೇಲೆ ಕತ್ತರಿಯ ಸದ್ದು, ಚಿಕ್, ಚಿಕ್, ನಡುವೆ ಒಂದೇ ಅಳತೆಯ ಬಿಡುವು. ಈಗ ಅದನ್ನು ಕೇಳಿದರೆ ನಿಧಾನ ಅನಿಸಲಿಲ್ಲ.

“ಮುಖ ಯಾಕೆ ಹಾಗೆ ಮಾಡ್ಕೊಂಡಿದ್ದೀಯ? ಮುಗೀತಾ ಓದು?” ಮೊರ್ಜಿನಾ ಮಿಷನ್ನಿಗೆ ಹೊದಿಕೆ ಹಾಕಿ ಬಂದು ಮಂಚದ ಮೇಲೆ ಕೂತಳು. ಬೆನ್ನು ನೆಟ್ಟಗೆ ಮಾಡಿ, ದುಪಟ್ಟಾ ಸರಿಮಾಡಿ, ಮ್ಯಾನೇಜರ ಹಾಗೆ ಒಮ್ಮೆ ಕೆಮ್ಮಿದಳು. “ಕೊಡಿಲ್ಲಿ ಹಾಳೆ. ನಾನು ಕೇಳ್ತೀನಿ. ಹ್ಞೂಂ. ಬನ್ನಿ, ಕೂತ್ಕೊಳ್ಳಿ. ಚಹಾ ಕುಡೀತೀರಾ?”

“ಚಹಾ ಎಲ್ಲ ಕೇಳಲ್ಲಮ್ಮ ಅವರು.”

“ಕೇಳದಿದ್ರೆ ಅಂಥ ಕಡೆ ಕೆಲಸಕ್ಕೆ ಯಾಕೆ ಹೋಗ್ತೀಯ?”

ಹೊಸ್ತಿಲ ಮೇಲೆ ಕೋಹಿನೂರ್ ನಕ್ಕಳು. “ಸಾಹೇಬ್ರಿಗೆ ಹೊಟ್ಟೆ ಕಮ್ಮಿಯಾಯ್ತು ಆಪಾ. ದಿಂಬು ಇಟ್ಕೊಳ್ಳಿ.”

ಮೊರ್ಜಿನಾ ನಿಜಕ್ಕೂ ದಿಂಬನ್ನು ಮಡಿಲಿಗೆ ಎಳೆದುಕೊಂಡಳು. ಅವಳು ಓದಿದ್ದು ನಾಲ್ಕನೇ ಕ್ಲಾಸು. ಅಕ್ಷರಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ಓದುತ್ತಾಳೆ. ಮೊದಲ ಐದು ಪ್ರಶ್ನೆಗಳಿಗೆ ಇಶ್ರತ್ ಗಿಳಿಪಾಠ ಒಪ್ಪಿಸಿದಳು. ಪ್ರತಿ ಉತ್ತರಕ್ಕೂ ತಾಯಿ, ಏನೂ ಅರ್ಥವಾಗದಿದ್ದರೂ, ಭೇಷ್ ಎಂದು ದಿಂಬು ತಟ್ಟಿದಳು. “ಆರು. ನಿಮ್ಮ ಅತಿ ದೊಡ್ಡ ಸಾ-ಧ-ನೆ ಯಾವುದು?”

“ಅದು ಬೇಡ. ಮುಂದಿನದು ಕೇಳು.”

“ಯಾಕೆ ಬೇಡ? ಎಂಬತ್ತೇ…” ಎಂದವಳು ಹೊಸ್ತಿಲ ಕಡೆ ನೋಡಿ ನುಂಗಿಕೊಂಡಳು. “ಸರಿ. ಏಳು. ನೀವು ಮಾಡಿದ ಒಂದು ತಪ್ಪು ಹೇಳಿ.”

ಇಶ್ರತ್‌ಗೆ ಬಾಯಾರಿತು. ಈ ಸಲ ಏಳಲಿಲ್ಲ. ಎರಡು ಕೈಗಳನ್ನೂ ಮೊಣಕಾಲಿನ ಮೇಲೆ ಇಟ್ಟುಕೊಂಡು, ನಾಳೆ ಕೂರಬೇಕಾದ ಹಾಗೆ ಕೂತು, ತಾಯಿಯ ಮುಖವನ್ನು ಬಿಟ್ಟು ಅವಳ ಹಿಂದಿನ ತಗಡಿನ ಗೋಡೆಯನ್ನು ನೋಡುತ್ತ ಹೇಳತೊಡಗಿದಳು. “ಎರಡು ವರ್ಷದ ಹಿಂದೆ ಕಾಲರ್ ಕೂಡಿಸೋ ಕೆಲಸಕ್ಕೆ ನಾನು ಗುರಿ ಗೊತ್ತು ಮಾಡಿದೆ ಸಾರ್. ಒಬ್ಬರ ಕೈ ನೋಡಿ ಅಳೆದೆ. ಅವರು ನನ್ನ ತಾಯಿ. ಒಂದೇ ಊರಿನವರಲ್ಲ, ತಾಯಿ. ಹುಟ್ಟಿದಾಗಿಂದ ನಾನು ನೋಡಿದ್ದು ಆ ಕೈ ಒಂದನ್ನೇ. ಅದಕ್ಕೇ ಎಲ್ಲರ ಕೈಯೂ ಹಾಗೇ ಓಡುತ್ತೆ ಅಂದ್ಕೊಂಡೆ. ನೂರ ಮೂವತ್ತೈದು ಅಂತ ಬರೀಬೇಕಾದ ಕಡೆ ನೂರು ಅಂತ ಬರೆದೆ. ಅರವತ್ತನಾಲ್ಕು ಆಗಬೇಕಾಗಿದ್ದು ಎಂಬತ್ತೇಳಾಯ್ತು. ಪಕ್ಕದ ಮಿಷನ್ನಲ್ಲಿ ಇದ್ದವರು ಸರಿಯಾಗಿ ಅರವತ್ತನಾಲ್ಕು ಮಾಡ್ತಿದ್ರು. ಅವರನ್ನ ಎಬ್ಬಿಸಿ ದಾರ ಕತ್ತರಿಸೋಕೆ ನಿಲ್ಲಿಸಿದ್ರು. ಅವರ ಕೈ ಕೆಟ್ಟಿರಲಿಲ್ಲ ಸಾರ್. ನಾನು…”

ಕತ್ತರಿಯ ಸದ್ದು ನಿಂತು ಎಷ್ಟೋ ಹೊತ್ತಾಗಿತ್ತು.

“ಸುಳ್ಳು,” ಎಂದಳು ಮೊರ್ಜಿನಾ. ದಿಂಬು ಮಡಿಲಿಂದ ಉರುಳಿತು. ಅದು ಈಗ ಸಾಹೇಬರ ಧ್ವನಿಯಾಗಿರಲಿಲ್ಲ. “ಇವಳದ್ದೇನೂ ತಪ್ಪಿಲ್ಲ ಕೋಹಿನೂರ್. ತಪ್ಪು ನಂದು. ಗಡಿಯಾರ ಬಂದಾಗ ಎಲ್ಲರೂ ಏನು ಮಾಡ್ತಾರೆ? ಗುರಿ ಏರಬಾರದು ಅಂತ ಕೈ ಹಿಡಿದು ನಿಧಾನ ಮಾಡ್ತಾರೆ. ನಾನೂ ಇಷ್ಟು ವರ್ಷ ಹಿಡಿದವಳೇ, ನಿಂಗೊತ್ತಲ್ಲ. ಅವತ್ತು ಹಿಡೀಲಿಲ್ಲ. ಮಗಳು ನಿಂತಿದ್ಲು, ಹಿಂದೆ ಮ್ಯಾನೇಜರು. ಇವಳ ಕಾಗದದ ಮೇಲೆ ಒಳ್ಳೇದು ಏನಾದ್ರೂ ಬರಲಿ ಅಂತ ಓಡಿಸಿದೆ. ಇನ್ನೂ ಓಡಿಸಿದೆ. ಎರಡು ವರ್ಷದಿಂದ ನಿನ್ನ ಪ್ರಾರ್ಥನೆ ಕೇಳಿಸ್ಕೊಂಡು…”

“ಓಡೋದು ತಪ್ಪಲ್ಲಮ್ಮಾ. ಓಡ್ತಿದ್ದಾರೆ ಅಂತ ಕಂಡುಹಿಡಿಯೋದೇ ನನ್ನ ಕೆಲಸ. ಅದಕ್ಕೇ ನಾನು ನಿಂತಿದ್ದು.”

“ನೀನು ಹನ್ನೊಂದು ದಿನದ ಹುಡುಗಿ, ನಿನಗೇನು ಗೊತ್ತಾಗುತ್ತೆ? ನನಗೆ ಗೊತ್ತಿತ್ತು…”

“ಇಬ್ರೂ ಬಾಯಿ ಮುಚ್ಚಿ.” ಕೋಹಿನೂರ್ ಎದ್ದು ಒಳಗೆ ಬಂದಿದ್ದಳು. ಕಮೀಜು ಒಂದು ಕೈಯಲ್ಲಿ, ಕತ್ತರಿ ಇನ್ನೊಂದರಲ್ಲಿ. “ತಪ್ಪು ನಿಮ್ಮಿಬ್ಬರಲ್ಲಿ ಯಾರಿಗೆ ಬೇಕೋ ಆಮೇಲೆ ಹಂಚ್ಕೊಳ್ಳಿ. ನನ್ನ ಕೈಗೆ ಏನೂ ಆಗಿಲ್ವಾ? ಅಷ್ಟು ಹೇಳಿ.”

ಉತ್ತರಕ್ಕೆ ಕಾಯದೆ ಅವಳು ಕಮೀಜನ್ನು ಮಂಚದ ಮೇಲೆ ಇಟ್ಟು ಗುಡ್ಡೆಯಾಗಿದ್ದ ಎಲೆಗಳನ್ನು ಎತ್ತಿಕೊಂಡಳು. “ಗಡಿಯಾರ ಒತ್ತು,” ಎಂದಳು. ಹಂಚಿದಳು. ಒಂದೊಂದು ಎಲೆಯೂ ಅದರ ಜಾಗಕ್ಕೇ ಹೋಯಿತು. ಇಶ್ರತ್ ಈ ಸಲ ಮುಖ ತಿರುಗಿಸದೆ ನೋಡಿದಳು. ಬೆರಳಿನ ತುದಿಯಲ್ಲಿ ಸೂಜಿ ಹೊಕ್ಕ ಹಳೆಯ ಕಲೆ, ಕಿರುಬೆರಳಿಗೆ ಕವಿರಾಜ ಕಟ್ಟಿದ ಕಪ್ಪು ದಾರ. ಅಷ್ಟು ಹತ್ತಿರದಿಂದ ತಾನು ಬೇರೆ ಯಾರ ಕೈಯನ್ನೂ ನೋಡಿಲ್ಲ ಎಂದು ಅವಳಿಗೆ ಅನಿಸಿತು.

“ಎಷ್ಟು?”

“ಮೂವತ್ತು.”

“ಹಾಗಂದ್ರೆ?”

“ನೂರು, ಖಾಲಾ. ಇಷ್ಟು ಸರಿಯಾಗಿ ಪುಸ್ತಕದಲ್ಲಿ ಮಾತ್ರ ಇರುತ್ತೆ.”

ಕೋಹಿನೂರ್ ತನ್ನ ಕೈಯನ್ನು ತಿರುಗಿಸಿ ಅಂಗೈ ನೋಡಿದಳು, ಮತ್ತೆ ಮಗುಚಿ ನೋಡಿದಳು. “ಹೊಸ ಹುಡುಗೀರು ನನ್ನ ಅಜ್ಜಿ ಅಂತಾರೆ,” ಎಂದಳು. “ಮೂವತ್ತೆಂಟು ನನಗೆ. ದಿನಾ ಬೆಳಿಗ್ಗೆ ಎದ್ದು ಇದನ್ನೇ ನೋಡ್ಕೊಳ್ತಿದ್ದೆ ಕಣೇ, ಇದಕ್ಕೆ ಏನಾಯ್ತು ಅಂತ.” ಆಮೇಲೆ ಅವಳ ದನಿ ಏರಿತು. ಮುಂಡೇಗಂಡ ಮ್ಯಾನೇಜರನ್ನು, ಗಡಿಯಾರವನ್ನು, ಡಿಪ್ಲೊಮಾ ಕೊಟ್ಟವರನ್ನು, ಕವಿರಾಜನನ್ನು ಸರದಿಯ ಪ್ರಕಾರ ಬೈದಳು. ಮೊರ್ಜಿನಾಳನ್ನೂ ಬೈದಳು: ಒಲೆ ಬಿಟ್ಟುಕೊಟ್ಟರೆ ಋಣ ತೀರಿತು ಅಂದುಕೊಂಡೆಯಾ, ಬಾಯಿ ಬಿಟ್ಟು ಹೇಳಿದ್ದರೆ ಆಗುತ್ತಿರಲಿಲ್ಲವಾ. ಮೊರ್ಜಿನಾ ತಲೆ ತಗ್ಗಿಸಿ ಕೇಳಿಸಿಕೊಂಡಳು. ಕೊನೆಗೆ ಇಶ್ರತ್ ಕಡೆ ತಿರುಗಿ, “ಬರ್ದು ಕೊಡು,” ಎಂದಳು.

“ಏನು?”

“ಈಗ ಹೇಳಿದ್ಯಲ್ಲ, ಎಲ್ಲಾ. ಲೆಕ್ಕ ಸಮೇತ. ನಿನ್ನ ಸಹಿ ಹಾಕು. ಕಾಲರ್ ಹತ್ರ ಇನ್ನೂ ಮೂರು ಜನ ಹುಡುಗೀರು ದಿನಾ ಅಳ್ತಾರೆ. ತಗೊಂಡ್ಹೋಗಿ ಮ್ಯಾನೇಜರ ಮೇಜಿನ ಮೇಲೆ ಇಡ್ತೀನಿ.”

ಮೊರ್ಜಿನಾ ಮಗಳ ಮುಖ ನೋಡಿದಳು. ನಾಳೆ ಅದೇ ಮ್ಯಾನೇಜರಿಗೆ ಫೋನು ಹೋಗಬೇಕು ಎಂಬುದು ಅವಳಿಗೂ ಗೊತ್ತಿತ್ತು. ಉರುಳಿ ಬಿದ್ದಿದ್ದ ದಿಂಬನ್ನು ಎತ್ತಿ ಮಂಚದ ತುದಿಗಿಟ್ಟಳು. ಇಶ್ರತ್ ಹೊಸ ಹಾಳೆ ತೆಗೆದುಕೊಂಡಳು. ಮೂವತ್ತಾರು, ನೂರ ಮೂವತ್ತೈದು, ಹದಿನೈದು, ಅರವತ್ತನಾಲ್ಕು. ಅಳತೆಗೆ ಕುಳಿತವರ ಹೆಸರು ಎಂಬ ಕಡೆ ಮೊರ್ಜಿನಾ ಖಾತೂನ್ ಎಂದು ಬರೆದು, ಅದರ ಮುಂದೆ ನನ್ನ ತಾಯಿ ಎಂದು ಸೇರಿಸಿದಳು. ಆ ಎರಡು ಪದ ಲೆಕ್ಕಕ್ಕೆ ಬೇಕಾಗಿರಲಿಲ್ಲ. ಸಹಿ ಹಾಕಿ ಕೊಟ್ಟಳು.

ಕೋಹಿನೂರ್ ಹಾಳೆಯನ್ನು ನಾಲ್ಕಾಗಿ ಮಡಿಚಿ ತಾನು ತೊಟ್ಟ ಕಮೀಜಿನೊಳಗೆ ಇಟ್ಟುಕೊಂಡಳು. “ಸೋಮವಾರ ಕೊಡ್ತೀನಿ,” ಎಂದಳು.

“ನಾಳೇನೇ ಕೊಡಿ ಖಾಲಾ. ನನಗೋಸ್ಕರ ಕಾಯ್ಬೇಡಿ.”

“ನಿನಗೋಸ್ಕರ ಅಂತ ಯಾರು ಹೇಳಿದ್ರು? ನಾಳೆ ನನಗೆ ಬೇರೆ ಕೆಲಸ ಇದೆ.” ಕಮೀಜನ್ನು ಮತ್ತೆ ಎತ್ತಿಕೊಂಡು ತೋಳಿನಲ್ಲಿ ಉಳಿದಿದ್ದ ಎರಡು ದಾರಗಳನ್ನು ಕತ್ತರಿಸಿ, ಕೊಡವಿ, ಇಶ್ರತ್‌ಳ ಭುಜಕ್ಕೆ ಹಿಡಿದು ಅಳತೆ ನೋಡಿದಳು. “ಚೆನ್ನಾಗಿ ಕೂರುತ್ತೆ. ಅಲ್ಲೂ ಹೀಗೇ ಹೇಳು, ತಡವರಿಸ್ಬೇಡ. ಈಗ ಹೇಳುವಾಗ ಕೊನೇಲಿ ತಡವರಿಸಿದೆ.” ಬಾಗಿಲ ಹತ್ತಿರ ನಿಂತು, ತಿರುಗದೆ, “ನಿನಗೆ ಕೆಲಸ ಸಿಗ್ಲಿ ಅಂತ ಈಗ ಕೇಳ್ಕೊಳ್ಳಲ್ಲ ನಾನು. ಹೊಟ್ಟೆ ಉರೀತಿದೆ. ಸಂಜೆಗೆ ಇಳಿದ್ರೆ ನೋಡೋಣ,” ಎಂದು ಇಸ್ಪೀಟಿನ ಕಟ್ಟನ್ನು ದುಪಟ್ಟಾದ ಕೆಳಗೆ ಮುಚ್ಚಿಕೊಂಡು ಹೋದಳು.

ಮಧ್ಯಾಹ್ನ ತಾಯಿಮಗಳು ಉಣ್ಣಲು ಕೂತರು. ಒಣಮೀನು ಜಜ್ಜಿ ಮಾಡಿದ ಭರ್ತಾ, ಬೇಳೆ, ಅನ್ನ. ಇಶ್ರತ್ ಬಯೋಡೇಟಾದ ಎರ‍ಡನೆಯ ಸಾಲಿನ ಮೇಲೆ ಪೆನ್ನಿನಲ್ಲಿ ಗೀಟು ಎಳೆದು, ಬೆಳಿಗ್ಗೆ ಹೋಗುವ ದಾರಿಯಲ್ಲಿ ಹೊಸದಾಗಿ ಮುದ್ರಿಸಿಕೊಳ್ಳಬೇಕು ಎಂದುಕೊಂಡಳು. ಕೆಲಸ ಸಿಗುತ್ತದೆ ಎಂಬ ಧೈರ್ಯವೇನೂ ಅವಳಿಗೆ ಬರಲಿಲ್ಲ. ಬಾಯಾರಿಕೆ ಮಾತ್ರ ಹೋಗಿತ್ತು. ಮೊರ್ಜಿನಾ ಹಿಂದಿನಿಂದ ಬಂದು ಮಗಳ ಕೂದಲು ಬಿಚ್ಚಿ ಎಣ್ಣೆ ಹಚ್ಚಿದಳು. ಆ ಕೈ ಎಷ್ಟು ಬೇಗ ಬೇಗ ಓಡುತ್ತದೆ ಎಂದು ಇಶ್ರತ್‌ಗೆ ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ ತಿಳಿಯುತ್ತಿತ್ತು. ಸ್ವಲ್ಪ ನಿಧಾನಕ್ಕೆ ಹಚ್ಚಮ್ಮ, ಎಂದಳು. ಯಾಕೆ, ನೋಯ್ತಾ? ಇಲ್ಲ, ಸುಮ್ನೆ.

ಹೊತ್ತು ಮುಳುಗಿ ಮಗ್ರಿಬಿನ ಅಜಾನ್ ಆಯಿತು. ಮೊರ್ಜಿನಾ ನಮಾಜು ಮುಗಿಸಿ ಸೊಪ್ಪಿನ ಕಂತೆ ಮುಂದಿಟ್ಟುಕೊಂಡು ಕೂತಿದ್ದಳು. ಗೋಡೆಯಾಚೆ ಚಾಪೆ ಹಾಸಿದ ಸದ್ದು, ಬಳೆಯ ಸದ್ದು, ಆಮೇಲೆ ಆ ಜೋರು ದನಿ. ಗಂಡನ ಆಟೋ ಕೆಡದಿರಲಿ. ಮಗಳು ಓದಲಿ. ತಾಯಿಯ ಮಂಡಿ. ಅಭ್ಯಾಸದಂತೆ ಮೊರ್ಜಿನಾಳ ಈಳಿಗೆ ನಿಂತಿತು. ಇಶ್ರತ್ ಈ ಸಲ ಮೊಬೈಲು ಮುಟ್ಟಲಿಲ್ಲ, ತಗಡಿಗೆ ಒರಗಿ ಕೂತು ಕಾದಳು. ಆಚೆಯೂ ಯಾರೋ ಕಾಯುತ್ತಿರುವ ಹಾಗಿತ್ತು.

“ಯಾ ಅಲ್ಲಾ,” ಎಂದಳು ಕೋಹಿನೂರ್, ಉಳಿದೆಲ್ಲಕ್ಕಿಂತ ಸ್ವಲ್ಪ ಮೆಲ್ಲಗೆ, “ನಾಳೆ ಆ ಹುಡುಗಿ ನಾಲಿಗೆ ತಡವರಿಸದೇ ಇರ್ಲಿ. ಆಮೀನ್.”

ಚಾಪೆ ಸುತ್ತಿದ ಸದ್ದು ಬಂತು. ಕೈಯ ಮಾತು ಬರಲೇ ಇಲ್ಲ.